ಎಲ್‌ಕೆಜಿ ಮೀನು, ಪಿಎಚ್‌ಡಿ ಮೀನು

"ಇನ್ನೂ ಕ್ಲೌನೇ ಸಾಕ್ತಿದೀರಾ ಸಾರ್?"

ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ ಬೆಂಗಳೂರಿನ ಹತ್ತು ಹನ್ನೆರಡು ಮಂದಿ ಒಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರಿದ್ದಾಗ ನನ್ನತ್ತ ಬಂದ ಪ್ರಶ್ನೆ ಇದು. ಕೇಳಿದವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಈ ಹವ್ಯಾಸಕ್ಕೆ ಬಂದು ಮೂರು ವರ್ಷ. ದನಿಯಲ್ಲಿ ಕುಹಕ ಇರಲಿಲ್ಲ, ಕನಿಕರ ಇತ್ತು. ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲ ಕಟ್ಟಿದ ಹುಡುಗನನ್ನು ನೆಂಟರು ಮಾತಾಡಿಸುತ್ತಾರಲ್ಲ, ಹಾಗೆ. ಆಮೇಲೆ ಫೋನ್ ತೆಗೆದು ತಮ್ಮ 'ವಿಷ್‌ಲಿಸ್ಟ್' ತೋರಿಸಿದರು. ಹದಿನಾಲ್ಕು ಹೆಸರು. ಆರಕ್ಕೆ ಟಿಕ್ ಬಿದ್ದಿತ್ತು. ಆ ಆರರಲ್ಲಿ ಈಗ ಎಷ್ಟಿವೆ ಎಂದು ಕೇಳಿದೆ. "ಎರಡು. ಆದ್ರೆ ಅಕಿಲೀಸ್ ಟ್ಯಾಂಗ್ ನಾಲ್ಕು ತಿಂಗಳು ಇತ್ತು ಸಾರ್, ಸೂಪರಾಗಿತ್ತು" ಅಂದರು. ಮೀನು ಹೋಗಿತ್ತು, ಟಿಕ್ ಉಳಿದಿತ್ತು.

ಅವರನ್ನು ಬೈದು ಪ್ರಯೋಜನವಿಲ್ಲ. ಹಾಗೆ ಎಣಿಸಲು ಕಲಿಸಿದವರು ನಾವೇ, ಹಳಬರು. ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ ಡ್ಯಾಮ್ಸೆಲ್, ಕ್ಲೌನ್; ಅವು ಎಲ್‌ಕೆಜಿ. ಅದರ ಮೇಲೆ ಗೋಬಿ (ಮಂಚೂರಿಯದಲ್ಲ, ಮರಳಲ್ಲಿ ಬಿಲ ಮಾಡುವ ಮೀನು) ಮತ್ತು ರಾಸ್. ಆಮೇಲೆ ಟ್ಯಾಂಗ್‌ಗಳು, ಏಂಜೆಲ್‌ಗಳು. ಇನ್ನೂ ಮೇಲೆ ಮ್ಯಾಂಡರಿನ್, ಕಾಪರ್‌ಬ್ಯಾಂಡ್ ಚಿಟ್ಟೆಮೀನು. ತುತ್ತತುದಿಯಲ್ಲಿ ಮೂರಿಶ್ ಐಡಲ್. ಈ ಕೊನೆಯ ಎರಡು ಮೆಟ್ಟಿಲಿನ ಮೀನು ತಂದಿಟ್ಟವನು ಪಿಎಚ್‌ಡಿ. ಅನುಭವ, ದುಡ್ಡು, ಉಪಕರಣ ಕೂಡಿದ ಹಾಗೆಲ್ಲ ಒಂದೊಂದೇ ಮೆಟ್ಟಿಲು ಹತ್ತಬೇಕು, ಪಟ್ಟಿಯಲ್ಲಿ ಕಷ್ಟದ ಹೆಸರು ಹೆಚ್ಚಿದಷ್ಟೂ ಸಾಕುವವನು ದೊಡ್ಡವನು ಎಂಬುದು ಚಾಲ್ತಿಯಲ್ಲಿರುವ ನಂಬಿಕೆ. ನನ್ನ ತಕರಾರು ಈ ಏಣಿಯ ಮೇಲೆ. ಇದು ಸಾಕುವವನ ಯೋಗ್ಯತೆಯನ್ನು ಅಳೆಯುತ್ತಿಲ್ಲ. ಮೀನು ಎಷ್ಟು ಬೇಗ ಸಾಯುತ್ತದೆ ಎಂಬುದನ್ನು ಅಳೆದು, ಬೇಗ ಸಾಯುವುದಕ್ಕೆ ಹೆಚ್ಚು ಮಾರ್ಕು ಕೊಡುತ್ತಿದೆ.

ಎಂಟು ವರ್ಷದ ಹಿಂದೆ ನಾನೂ ಹತ್ತಿದವನೇ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕು; ಅಂದರೆ ಸುಮಾರು 450 ಲೀಟರ್. ಕಡಲಿಲ್ಲದ ಊರಲ್ಲಿ ಕಡಲು ಮಾಡಬೇಕಾದರೆ ಆರ್‌ಓ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕಲಸಬೇಕು, ಒಂದು ಸಲ ತುಂಬಿಸಲು ಹದಿನಾರು ಕಿಲೋ. ಎಲ್ಲ ಸರಿಯಾಗಿತ್ತು. ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ಅಮೋನಿಯ ಸೊನ್ನೆ. ಕಾಪರ್‌ಬ್ಯಾಂಡ್ ತಂದೆ. ತಾಮ್ರದ ಪಟ್ಟೆ, ಚಿಮಟದ ಹಾಗೆ ಚಾಚಿದ ಮೂತಿ, ಬಾಲದ ಹತ್ತಿರ ಇನ್ನೊಂದು ಕಣ್ಣಿದೆಯೋ ಎಂಬಂಥ ಕಪ್ಪು ಬೊಟ್ಟು. "ತಿಂತದಾ?" ಎಂದು ಕೇಳಿದ್ದಕ್ಕೆ ಅಂಗಡಿಯವನು "ನಿನ್ನೆ ತಾನೆ ತಿಂತು ಸಾರ್" ಅಂದಿದ್ದ. ಚೀಲದ ನೀರಿನ ವಿದ್ಯೆಯೂ ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಮೀನು ಬಿಟ್ಟ ಅಮೋನಿಯ ಅದರಲ್ಲಿ ಸೇರಿರುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ನೀರನ್ನು ಹುಳಿಯಾಗಿಸಿ ಅದರ ವಿಷವನ್ನು ಅಡಗಿಸಿಟ್ಟಿರುತ್ತದೆ, ಚೀಲದ ಬಾಯಿ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ವಿಷ ಮೇಲೇಳುತ್ತದೆ. ಆದ್ದರಿಂದ ಬಿಚ್ಚಿದ ಮೇಲೆ ತಡಮಾಡಲಿಲ್ಲ. ಬೇರೆ ತೊಟ್ಟಿಯಲ್ಲಿ ಪ್ರತ್ಯೇಕ ಇಟ್ಟು ಬಿಳಿಚುಕ್ಕೆ ರೋಗ ಬರುತ್ತದೋ ಎಂದು ನೋಡಿದೆ. ಬರಲಿಲ್ಲ. ಮೀನು ಊಟವನ್ನೂ ಮಾಡಲಿಲ್ಲ.

ಫ್ರೀಜರಿನ ಸೀಗಡಿ ಹಾಕಿದೆ, ಮೂತಿ ಹತ್ತಿರ ತಂದು ನೋಡಿ ಹಿಂದೆ ಸರಿಯಿತು. ಕಲ್ಲಿನ ಸಂದಿಗೆ ಸಿಗಿಸಿದೆ, ಅಲ್ಲೂ ಮುಟ್ಟಲಿಲ್ಲ. ಕೊನೆಗೆ ಮರುವಾಯಿ ತಂದು, ಚಿಪ್ಪು ಅರೆಬರೆ ಬಿಡಿಸಿ ಮರಳ ಮೇಲಿಟ್ಟೆ. ಈ ಮೀನಿಗೆ ಹೀಗೆ ರೂಢಿ ಮಾಡಿಸುವವರಿದ್ದಾರೆ. ಆ ವಾರ ಮಂಗಳೂರಿನಿಂದ ಬಂದಿದ್ದ ನಮ್ಮ ಮಾವ ಸೋಫಾದಲ್ಲಿ ಕೂತು ಇದನ್ನೆಲ್ಲ ನೋಡಿ, "ಮೀನಿಗೆ ಮರುವಾಯಿಯಾ ಮಾರಾಯ? ಸುಕ್ಕ ಮಾಡಿ ಕೊಡ್ಬೇಕಿತ್ತು" ಅಂದರು. ಎರಡು ಸಲ ಕುಕ್ಕಿತು. ಮೂರನೇ ವಾರ ತಲೆಯ ಹಿಂದಿನ ಬೆನ್ನು ಕತ್ತಿಯ ಅಲಗಿನಷ್ಟು ಚೂಪಾಯಿತು, ಹೊಟ್ಟೆ ಒಳಕ್ಕೆ ಹೋಯಿತು. ಇಪ್ಪತ್ತಮೂರನೇ ದಿನ ಬೆಳಿಗ್ಗೆ ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ಅಷ್ಟೂ ದಿನ ಅಮೋನಿಯ ಸೊನ್ನೆಯೇ ಇತ್ತು.

ಆಗ ಗುಂಪಿನ ಹಿರಿಯರು ನನಗೆ ಹೇಳಿದ ಸಮಾಧಾನ: "ಕಷ್ಟದ ಮೀನು ಅದು, ಇನ್ನೊಂದು ಟ್ರೈ ಮಾಡಿ." ಇದೇ ನಮ್ಮ ರೋಗ. ಕಷ್ಟ ಯಾರದ್ದು? ಹವಳದ ದಿಬ್ಬದ ಸಂದುಗೊಂದುಗಳಲ್ಲಿ ಹುಳು ಹೆಕ್ಕಿ ತಿನ್ನಲೆಂದೇ ಆ ಮೂತಿ ಬೆಳೆದಿದೆ. ಅದು ತಿನ್ನುತ್ತಿದ್ದುದು ಒಂದಿಡೀ ದಿಬ್ಬವನ್ನು. ನಾನು ಕೊಡುತ್ತಿದ್ದುದು ಫ್ರೀಜರಿನ ತುಂಡನ್ನು. ಅಲ್ಲಿ ನನ್ನ ಕೌಶಲ ಕಡಿಮೆಯಾದದ್ದಲ್ಲ, ಊಟವೇ ಇರಲಿಲ್ಲ. ಪಟ್ಟಿಯಲ್ಲಿ ಮೇಲಕ್ಕೆ ಹೋದಂತೆಲ್ಲ ಈ ಒಂದೇ ಕಥೆ ಬೇರೆ ಬೇರೆ ಬಣ್ಣದಲ್ಲಿ ಬರುತ್ತದೆ. ಮ್ಯಾಂಡರಿನ್ ಹಗಲೆಲ್ಲ ಕಲ್ಲಿನ ಮೇಲೆ ತೆವಳುತ್ತ ಕೋಪೆಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದ ಜೀವಿಗಳನ್ನು ಒಂದೊಂದಾಗಿ ಹೆಕ್ಕುವ ಪ್ರಾಣಿ. ಹೊಸ ಟ್ಯಾಂಕಿನ ಕೋಪೆಪಾಡ್‌ಗಳನ್ನು ಕೆಲವೇ ವಾರದಲ್ಲಿ ಬರಿದು ಮಾಡಿ, ಆಮೇಲೆ ಅಷ್ಟೇ ಚೆಂದದ ಬಣ್ಣದಲ್ಲಿ ಹಸಿದು ಸಾಯುತ್ತದೆ. ಬಣ್ಣ ಮಾಸದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಕ್ಲೀನರ್ ರಾಸ್ ಇನ್ನೂ ಅನ್ಯಾಯ. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿ ತಿನ್ನುತ್ತದೆ, ಟ್ಯಾಂಕಿಗೆ ಉಪಯೋಗ ಎಂದು ಅಂಗಡಿಯವರು ಮಾರುತ್ತಾರೆ. ದಿಬ್ಬದಲ್ಲಿ ಅದರ ಮುಂದೆ ಗಿರಾಕಿ ಮೀನುಗಳು ಸರದಿ ನಿಲ್ಲುತ್ತವೆ. ನಮ್ಮ ಮನೆಯಲ್ಲಿ ಆರು ಮೀನು. ಆರೇ ತಲೆಯ ಊರಿಗೆ ಕ್ಷೌರದ ಅಂಗಡಿ ಹಾಕಿಸಿಕೊಟ್ಟ ಹಾಗೆ. ಮೂರಿಶ್ ಐಡಲ್ ಮುಖ್ಯವಾಗಿ ಸ್ಪಂಜು ಮೇಯುವ ಮೀನು, ಮನೆಗಳಲ್ಲಿ ಬಾಳುವುದು ಅಪರೂಪದಲ್ಲಿ ಅಪರೂಪ. ತಮಾಷೆ ನೋಡಿ, 2003ರ 'ಫೈಂಡಿಂಗ್ ನೀಮೋ'ದಲ್ಲಿ ದಂತವೈದ್ಯರ ಟ್ಯಾಂಕಿನಿಂದ ಪಾರಾಗುವ ಸಂಚು ಹೂಡುವ ಗಿಲ್ ಎಂಬ ಪಾತ್ರ ಇದೇ ಜಾತಿ. ಸಿನಿಮಾ ನೋಡಿ ಬಂದವರು ಆ ಸಂಚುಗಾರನನ್ನೇ ಪಟ್ಟಿಗೆ ಬರೆದುಕೊಂಡರು.

ಇನ್ನು 'ಅಪರೂಪ' ಎಂಬ ಮಾತು. ಪೆಪರ್‌ಮಿಂಟ್ ಏಂಜೆಲ್ ಎಂಬ ಒಂದು ಮೀನಿದೆ. ಕೆಂಪು ಬಿಳಿ ಪಟ್ಟೆಯ, ಅಂಗೈಗಿಂತ ಚಿಕ್ಕದು. 1992ರಲ್ಲಷ್ಟೇ ವಿಜ್ಞಾನ ಅದಕ್ಕೆ ಹೆಸರಿಟ್ಟಿತು. ಪೆಸಿಫಿಕ್‌ನ ಕುಕ್ ದ್ವೀಪಗಳ ಬಳಿ, 50 ಮೀಟರಿಗಿಂತ ಆಳದಲ್ಲಿ ಅದರ ವಾಸ. ಮುಳುಗುಗಾರರು ವಿಶೇಷ ಉಸಿರಾಟದ ಸಲಕರಣೆ ಕಟ್ಟಿಕೊಂಡು ಇಳಿಯಬೇಕು, ಮೀನನ್ನು ಹಿಡಿದು ಮೇಲೆ ತರುವಾಗ ಒತ್ತಡ ಇಳಿದು ಅದರ ಗಾಳಿಚೀಲ ಉಬ್ಬದಂತೆ ನೋಡಿಕೊಳ್ಳಬೇಕು. ಹವಾಯಿಯ ವೈಕಿಕಿ ಅಕ್ವೇರಿಯಂನವರು ಒಂದನ್ನು ಇಟ್ಟಿದ್ದರು ಎಂಬುದೇ ಲೋಕಪ್ರಸಿದ್ಧ ಸಂಗತಿ. ಈ ಮೀನು ಅಪರೂಪ ಎಂದು ಜಗತ್ತಿನ ಪಟ್ಟಿಗಳ ತುದಿಯಲ್ಲಿ ಕೂತಿದೆ. ಆದರೆ ಅಪರೂಪವಾದದ್ದು ಏನು? ಅದು ತನ್ನ ಆಳದಲ್ಲಿ ಎಂದಿನಂತೆ ಇದೆ. ನಮಗೆ ಅಲ್ಲಿಗೆ ಇಳಿಯುವುದು ಕಷ್ಟ, ಅಷ್ಟೆ. ನಮ್ಮ ಶ್ವಾಸಕೋಶದ ಮಿತಿಗೆ ನಾವೇ ಬೆಲೆ ಕಟ್ಟಿ, ಆ ಬೆಲೆಯನ್ನು ಮೀನಿನ ಗುಣ ಎಂದು ಓದುತ್ತಿದ್ದೇವೆ. ನೋಡಲು ಚೆಂದ ಎಂದರೆ ಒಪ್ಪುತ್ತೇನೆ. ಅಪರೂಪ, ಆದ್ದರಿಂದ ಬೇಕು ಎಂದರೆ ಅದು ಚಿನ್ನದ ಅಂಗಡಿಯ ತರ್ಕ.

ಏಣಿಯ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ಕಷ್ಟದ ಮೀನನ್ನು ಯಾರೂ ಮುಟ್ಟದಿದ್ದರೆ ಅದನ್ನು ಸಾಕುವ ಜ್ಞಾನ ಹುಟ್ಟುವುದು ಹೇಗೆ? ಇವತ್ತು ಸುಲಭ ಎನ್ನುವ ಕ್ಲೌನ್ ಕೂಡ ಒಂದು ಕಾಲಕ್ಕೆ ಕಷ್ಟದ್ದೇ ಆಗಿತ್ತಲ್ಲ? ನಿಜ. ಫ್ಲಾರಿಡಾದ ಮಾರ್ಟಿನ್ ಮೋ 1970ರ ದಶಕದ ಆರಂಭದಲ್ಲಿ ಕ್ಲೌನ್ ಮರಿಗಳನ್ನು ಮಾರಾಟದ ಪ್ರಮಾಣದಲ್ಲಿ ಬೆಳೆಸಿ ತೋರಿಸುವವರೆಗೆ ಅದೂ ಹಿಡಿದು ತಂದ ಮೀನೇ. ಹಾರ್ಲೆಕ್ವಿನ್ ಫೈಲ್‌ಫಿಶ್ ಬದುಕುವುದೇ ಅಕ್ರೋಪೊರಾ ಹವಳದ ಪಾಲಿಪ್ ತಿಂದು. ಅದನ್ನು ಸಾಕಲಾಗದು ಎಂದು ಎಲ್ಲರೂ ಕೈಬಿಟ್ಟಿದ್ದಾಗ ಅಮೆರಿಕದ ಮ್ಯಾಟ್ ಪೆಡರ್ಸನ್ ಎಂಬ ಹವ್ಯಾಸಿ ಬೇರೆ ಆಹಾರಕ್ಕೆ ಒಗ್ಗಿಸಿ, 2009ರಲ್ಲಿ ಮನೆಯಲ್ಲೇ ಮರಿ ಮಾಡಿಸಿದರು. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಹಳದಿ ಟ್ಯಾಂಗ್ ಮರಿಗಳನ್ನು ಬೆಳೆಸಿತು. ಮರುವರ್ಷ ಫ್ಲಾರಿಡಾ ವಿಶ್ವವಿದ್ಯಾಲಯದವರು ಡೋರಿ ಎಂದು ಮಕ್ಕಳೆಲ್ಲ ಕರೆಯುವ ನೀಲಿ ಟ್ಯಾಂಗನ್ನು.

ಈ ಹೆಸರುಗಳನ್ನು ನಮ್ಮವರು ತಮ್ಮ ಪಟ್ಟಿಯ ಸಮರ್ಥನೆಗೆ ಎಳೆದು ತರುತ್ತಾರೆ. ಆದರೆ ಅವರ್ಯಾರೂ ಟಿಕ್ ಹಾಕುತ್ತ ಹೋದವರಲ್ಲ. ಒಂದೇ ಮೀನಿನ ಮುಂದೆ ವರ್ಷಗಟ್ಟಲೆ ಕೂತವರು. ಮೊಟ್ಟೆ ಒಡೆದು ಬಂದ ಮರಿಯ ಬಾಯಿ ಎಷ್ಟು ಸಣ್ಣದು, ಅದರೊಳಗೆ ಹಿಡಿಸುವ ಆಹಾರ ಯಾವುದು ಎಂಬ ಒಂದೇ ಪ್ರಶ್ನೆಗೆ ಬಕೆಟ್ ಬಕೆಟ್ ಪಾಚಿ ಬೆಳೆಸಿದವರು. ನಾಲ್ಕು ತಿಂಗಳಿಗೊಂದು ಟ್ಯಾಂಗ್ ಕೊಂದು ಐದನೆಯದಕ್ಕೆ ಹೋಗುವವನಿಗೆ ಇವರ ಹೆಸರು ಹೇಳುವ ಹಕ್ಕಿಲ್ಲ. ಅವನಿಂದ ಯಾವ ಜ್ಞಾನವೂ ಹುಟ್ಟಿಲ್ಲ. ಸತ್ತ ಮೀನು ಯಾಕೆ ಸತ್ತಿತು ಎಂದು ಅವನು ಬರೆದಿಟ್ಟುಕೊಂಡೂ ಇಲ್ಲ.

ಈಗ ನನ್ನ ಎಲ್‌ಕೆಜಿ ಮೀನಿಗೆ ಬರುತ್ತೇನೆ.

ನಮ್ಮ ಮನೆಯ ಕ್ಲೌನ್ ಜೋಡಿಗೆ ಹನ್ನೊಂದು ವರ್ಷ. ತೊಟ್ಟಿಯಲ್ಲೇ ಹುಟ್ಟಿದ, ಹೆಬ್ಬೆರಳ ಉಗುರಿನಷ್ಟಿದ್ದ ಎರಡು ಮರಿಗಳನ್ನು ತಂದಿದ್ದೆ. ಕ್ಲೌನ್‌ಗಳು ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಇಬ್ಬರಲ್ಲಿ ದೊಡ್ಡದಾದದ್ದು, ಜಗಳದಲ್ಲಿ ಗೆದ್ದದ್ದು ಹೆಣ್ಣಾಗುತ್ತದೆ. ಆ ಜಗಳವನ್ನು ಒಂದು ವರ್ಷ ನೋಡಿದ್ದೇನೆ. ಸೋತದ್ದು ಅಡ್ಡ ಮಲಗಿ ಮೈಯೆಲ್ಲ ನಡುಗಿಸಿ ಶರಣು ಹೇಳುತ್ತದೆ, ದಿನಕ್ಕೆ ಹತ್ತಾರು ಸಲ. ಹೆಣ್ಣು ಸತ್ತರೆ ಈ ಗಂಡೇ ಹೆಣ್ಣಾಗುತ್ತದೆ. ಕಡಲಲ್ಲಿ ಇವಕ್ಕೆ ಆಸರೆಯಾದ ಅನೆಮನಿ ಇಲ್ಲದೆಯೂ ಇವು ಬಾಳುತ್ತವೆ. ನಮ್ಮವು ಗಾಜು ಒರೆಸುವ ಆಯಸ್ಕಾಂತದ ಬ್ರಷ್ಷನ್ನೇ ಮನೆ ಮಾಡಿಕೊಂಡಿವೆ. ಅದನ್ನು ಸರಿಸಲು ಕೈ ಹಾಕಿದರೆ ಹೆಣ್ಣು ಬಂದು ಕಚ್ಚುತ್ತದೆ, ನೋವೂ ಆಗುತ್ತದೆ.

ಬ್ರಷ್ಷಿನ ಪಕ್ಕ ಮಂಗಳೂರು ಹೆಂಚಿನ ಒಂದು ಚೂರು ಒರಗಿಸಿಟ್ಟೆ. ನಾಲ್ಕನೇ ವರ್ಷ ಅದರ ಮೇಲೆ ಮೊಟ್ಟೆ ಬಂತು. ಮೊದಲ ದಿನ ಕಿತ್ತಳೆ ಬಣ್ಣದ ಮಖಮಲ್ಲಿನ ತುಂಡಿನಂತೆ ಕಾಣುತ್ತದೆ. ಗಂಡು ಈಜುರೆಕ್ಕೆಯಿಂದ ಗಾಳಿ ಬೀಸುತ್ತದೆ, ಕೆಟ್ಟ ಮೊಟ್ಟೆಯನ್ನು ಬಾಯಿಂದ ಕಿತ್ತು ತೆಗೆಯುತ್ತದೆ. ಐದಾರು ದಿನಕ್ಕೆ ಒಂದೊಂದು ಮೊಟ್ಟೆಯೊಳಗೂ ಎರಡೆರಡು ಬೆಳ್ಳಿ ಚುಕ್ಕೆ ಹೊಳೆಯುತ್ತವೆ, ಕಣ್ಣು. ಎಂಟನೇ ರಾತ್ರಿ ದೀಪ ಆರಿಸಿ, ಗಂಟೆ ಎರಡಾದ ಮೇಲೆ ಟಾರ್ಚ್ ಬಿಟ್ಟರೆ ನೀರಿನ ತುಂಬ ದೂಳಿನ ಕಣಗಳು ಈಜುತ್ತಿದ್ದವು. ಬೆಳಗಾಗುವಷ್ಟರಲ್ಲಿ ಪಂಪಿನ ಪಾಲಾದವು. ಎರಡನೇ ಸಲ ಬೇರೆ ತೊಟ್ಟಿಗೆ ಹಾಕಿದೆ; ಆಹಾರ ದೊಡ್ಡದಾಯಿತು. ಮೂರನೇ ಸಲ ರೋಟಿಫರ್ ಎಂಬ ಸೂಕ್ಷ್ಮಜೀವಿ ಬೆಳೆಸಿಕೊಂಡೆ, ಅದು ಹಾಳಾಯಿತು. ನಾಲ್ಕನೇ ಸಲ ಕರೆಂಟು ಹೋಯಿತು. ಐದನೇ ಸಲ ಹನ್ನೊಂದು ಮರಿ ಉಳಿದವು. ಎರಡು ವಾರ ತುಂಬುವ ಹೊತ್ತಿಗೆ ಮೊದಲ ಬಿಳಿ ಪಟ್ಟೆ ಮೂಡಿದ್ದನ್ನು ನೋಡಲು ಮಗಳನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿದ್ದೆ. ಎಲ್‌ಕೆಜಿ ಮೀನು ನನ್ನನ್ನು ನಾಲ್ಕು ಸಲ ಫೇಲ್ ಮಾಡಿತು. ಪಿಎಚ್‌ಡಿ ಮೀನು ಇಪ್ಪತ್ತಮೂರು ದಿನ ಹಸಿದುಕೊಂಡಿತ್ತು, ಅಷ್ಟೇ. ಎರಡರಲ್ಲಿ ನನಗೆ ಏನನ್ನಾದರೂ ಕಲಿಸಿದ್ದು ಯಾವುದು?

ನಮ್ಮ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ಎಷ್ಟೋ ವರ್ಷಗಳ ಹಿಂದೆಯೇ ಸಿದ್ಧಪಡಿಸಿದೆ. ಆ ಮೀನನ್ನೇ ನಾವು 'ಸ್ಟಾರ್ಟರ್' ಎಂದು ಊಟದ ಮೊದಲಿನ ಕೋಸಂಬರಿಯ ಹಾಗೆ ನೋಡುವುದು ನನಗೆ ಸಿಟ್ಟು ತರಿಸುತ್ತದೆ.

ಬಾಂಗಾಯ್ ಕಾರ್ಡಿನಲ್‌ನ ಕಥೆ ಇನ್ನೂ ನಾಚಿಕೆಯದು. ಇಂಡೋನೇಷ್ಯಾದ ಸುಲಾವೆಸಿ ಪಕ್ಕದ ಬಾಂಗಾಯ್ ದ್ವೀಪಗಳು ಅದರ ಮೂಲನೆಲೆ. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸವಿದ್ದು ಮರಿ ಮಾಡುತ್ತದೆ. ಮನೆಯ ಟ್ಯಾಂಕಿನಲ್ಲೂ ಮಾಡುತ್ತದೆ, ದೊಡ್ಡ ವಿದ್ಯೆ ಬೇಡ. 1990ರ ದಶಕದ ನಡುವಿನಲ್ಲಿ ವ್ಯಾಪಾರಕ್ಕೆ ಬಂತು. 2007ಕ್ಕೆ ಅಳಿವಿನಂಚಿನ ಕೆಂಪುಪಟ್ಟಿ ಸೇರಿತು. ಮನೆಯಲ್ಲಿ ಮರಿ ಮಾಡುವ ಮೀನನ್ನು ಕಡಲಿನಿಂದ ಬರಿದು ಮಾಡಿದ್ದಕ್ಕೆ ಬೇರೆ ಯಾವ ನೆಪವೂ ಇಲ್ಲ. ಹಿಡಿದದ್ದು ಅಗ್ಗಕ್ಕೆ ಸಿಕ್ಕಿತು, ನಾವು ಕೇಳಲಿಲ್ಲ.

ಹಿಡಿಯುವುದೆಲ್ಲ ಪಾಪ ಎನ್ನುವವನಲ್ಲ ನಾನು. ಬಲೆ ಹಿಡಿದು ಹವಳಕ್ಕೆ ನೋವಾಗದಂತೆ ಮೀನು ತರುವ ಕಸುಬುಗಾರರಿದ್ದಾರೆ, ಅವರ ಮನೆಯ ಒಲೆ ಅದರಿಂದಲೇ ಉರಿಯುತ್ತದೆ. ಆದರೆ 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಶುರುವಾದ ಇನ್ನೊಂದು ಪದ್ಧತಿಯೂ ಇದೆ: ಬಾಟಲಿಯಲ್ಲಿ ಸೈನೈಡ್ ಕಲಸಿ ಹವಳದ ಸಂದಿಗೆ ಚಿಮ್ಮಿಸಿ, ಅಮಲೇರಿ ಹೊರಬಂದ ಮೀನನ್ನು ಆಯ್ದುಕೊಳ್ಳುವುದು. ಹವಳ ಅಲ್ಲೇ ಸಾಯುತ್ತದೆ. ಮೀನು ನಮ್ಮ ಮನೆಯಲ್ಲಿ, ಕೆಲವು ವಾರಗಳ ಮೇಲೆ, ನೀರಿನ ಪರೀಕ್ಷೆಗಳೆಲ್ಲ ಸರಿಯಿದ್ದಾಗ. ಸಂದಿಯಲ್ಲಿ ಅಡಗುವ ದುಬಾರಿ ಮೀನಿಗೆ ಬೇಡಿಕೆ ಏರಿದಷ್ಟೂ ಆ ಬಾಟಲಿಗೆ ಕೆಲಸ ಹೆಚ್ಚು.

"ನಾನು ಕೊಳ್ಳದಿದ್ದರೆ ಅಂಗಡಿಯಲ್ಲೇ ಸಾಯುತ್ತೆ" ಎನ್ನುವ ದಯಾಳುಗಳಿಗೆ ಎರಡೇ ಮಾತು. ನೀವು ಕೊಂಡರೆ ಆ ಜಾಗ ಖಾಲಿಯಾಗುತ್ತದೆ; ಅಂಗಡಿಯವನು ಮುಂದಿನ ವಾರ ಇನ್ನೆರಡು ತರಿಸುತ್ತಾನೆ. ಕಡಲಕುದುರೆ, ಜೀವಂತ ಹವಳ ಬೇಕೆನ್ನುವವರಿಗೆ ಇನ್ನೂ ಕಡಿಮೆ: 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ತೆಗೆಯುವುದು ಹುಲಿಯ ಚರ್ಮ ಮಾರುವ ಸಾಲಿನ ಅಪರಾಧ. ಪಟ್ಟಿಯಲ್ಲಿ ಬರೆದಿದ್ದರೆ ಇವತ್ತೇ ಹೊಡೆದು ಹಾಕಿ.

ಹಾಗಾದರೆ ಆಸೆಯೇ ಬೇಡವೇ ಎಂದು ಆ ಭಾನುವಾರವೂ ಒಬ್ಬರು ಕೇಳಿದರು. ಬೇಕು. ನನಗೂ ಒಂದು ಹಳದಿ ಟ್ಯಾಂಗ್ ಮೇಲೆ ಕಣ್ಣಿದೆ, ತೊಟ್ಟಿಯಲ್ಲಿ ಹುಟ್ಟಿದ್ದು. ಆದರೆ ಹವಾಯಿಯ ಕಡಲಲ್ಲಿ ಅದು ನಲವತ್ತು ವರ್ಷ ದಾಟಿ ಬಾಳಿದ ದಾಖಲೆ ಇದೆ. ನನಗೀಗ ಐವತ್ತೆರಡು. ಮಗಳ ಹತ್ತಿರ ಮಾತಾಡದೆ ತರುವಂತಿಲ್ಲ; ಅವಳು ಇನ್ನೂ ಹೂಂ ಅಂದಿಲ್ಲ. ನೀಲಿ ಟ್ಯಾಂಗ್ ನನ್ನ ಪಟ್ಟಿಯಲ್ಲಿಲ್ಲ. ಅಂಗಡಿಯಲ್ಲಿ ಎರಡಿಂಚು ಇರುತ್ತದೆ, ಬೆಳೆದರೆ ಒಂದಡಿ. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಸಿಗುವುದು ಮೂರು ಮೈಯುದ್ದದ ಓಟ.

ಹವ್ಯಾಸದ ಹಿರಿಯರಲ್ಲಿ ಒಂದು ವಿನಂತಿ. ಹೊಸಬರು ಮನೆಗೆ ಬಂದಾಗ "ಏನೇನು ಇಟ್ಟಿದ್ದೀರಿ" ಎಂದು ಕೇಳುವುದನ್ನು ಬಿಟ್ಟು, "ಇದಕ್ಕೆ ಎಷ್ಟು ವರ್ಷ" ಎಂದು ಕೇಳಿ. ಹೊಸಬರಲ್ಲಿ ಇನ್ನೂ ಚಿಕ್ಕದು. ಹಣ ಕೊಡುವ ಮುಂಚೆ ಅಂಗಡಿಯವನಿಗೆ ನಿಮ್ಮ ಕಣ್ಣೆದುರು ಮೀನಿಗೆ ಊಟ ಹಾಕಲು ಹೇಳಿ. "ನಿನ್ನೆ ತಾನೆ ತಿಂತು" ಎಂದರೆ, ನಾಳೆ ಬರುತ್ತೇನೆ ಎಂದು ಹೇಳಿ ಬರಿಗೈಯಲ್ಲಿ ಮನೆಗೆ ಹೋಗಿ.